ಮನೆಯಲ್ಲೇ ಕಾಫಿ ಹುರಿಯಲು ಯಾವ ಸಾಧನ ಕೊಳ್ಳಬೇಕು, ಬೀಜವನ್ನು ಎಲ್ಲಿಂದ ತರಬೇಕು?

ಪ್ರಶ್ನೆ: ಮೈಸೂರಿನ ಫಿಲ್ಟರ್‌ಪ್ರಿಯ

ನಮಸ್ಕಾರ. ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಸಲ ಡಿಕಾಕ್ಷನ್ ಇಳಿಸುತ್ತೇವೆ. ಇದುವರೆಗೆ ಅಂಗಡಿಯಿಂದ 80:20ರ ಪ್ರಮಾಣದಲ್ಲಿ ಚಿಕೋರಿ ಬೆರೆಸಿದ ಪುಡಿಯನ್ನೇ ತರುತ್ತಿದ್ದೆವು. ಕಳೆದ ತಿಂಗಳು ಬೀಜವನ್ನು ನಾವೇ ಹುರಿದು ನೋಡೋಣವೆಂದು ಆನ್‌ಲೈನ್‌ನಲ್ಲಿ 1 ಕಿಲೋ ಹುರಿಯದ ಬೀಜ ತರಿಸಿದೆ. ಪೊಟ್ಟಣದ ಮೇಲೆ ‘ಪ್ಲಾಂಟೇಶನ್ ಎ’ ಎಂದು ಬರೆದಿತ್ತು, ಆದರೆ ಬಿಚ್ಚಿದಾಗ ಗೋಣಿಚೀಲದ ವಾಸನೆ ಬಂತು. ಬೀಜದ ಬಣ್ಣವೂ ನಾನು ಚಿತ್ರಗಳಲ್ಲಿ ಕಂಡಂತೆ ನೀಲಿ ಬೆರೆತ ಹಸಿರಾಗಿರದೆ ಒಣಹುಲ್ಲಿನಂತೆ ಮಾಸಲಾಗಿತ್ತು.

ಅದರಲ್ಲಿ ಅರ್ಧ ಕಿಲೋವನ್ನು ಅಜ್ಜಿಯ ಕಾಲದ ಕಬ್ಬಿಣದ ಬಾಣಲೆಯಲ್ಲಿ ಹಾಕಿ 25 ನಿಮಿಷ ತಿರುವಿದೆ. ಕೆಲವು ಬೀಜ ಇದ್ದಿಲಿನಂತಾದವು, ಕೆಲವು ತಿಳಿಕಂದು ಬಣ್ಣದಲ್ಲೇ ಉಳಿದವು. ಮನೆತುಂಬ ಹೊಗೆ ತುಂಬಿ, ಮೂರನೆಯ ಮಹಡಿಯಲ್ಲಿರುವ ನಮ್ಮ ಬಾಗಿಲನ್ನು ಎದುರುಮನೆಯವರು ಗಾಬರಿಯಿಂದ ಬಡಿದರು. ಪುಡಿ ಮಾಡಿದಾಗ ಸುಟ್ಟ ಕಹಿಯೂ ಹಸಿ ಬಟಾಣಿಯ ರುಚಿಯೂ ಒಟ್ಟಿಗೇ ಬಂದವು.

ಈಗ ನನ್ನದು ಎರಡು ಪ್ರಶ್ನೆಗಳು. ಮೊದಲನೆಯದು, ವಾರಕ್ಕೆ ಸುಮಾರು 250 ಗ್ರಾಂ ಸಾಕಾಗುವ ಮನೆಗೆ ಬೆಹ್ಮೋರ್, ಜೀನ್ ಕೆಫೆಯಂತಹ ಹೊರದೇಶದ ಯಂತ್ರಗಳನ್ನು ತರಿಸಬೇಕೇ, ಅಥವಾ ಸರಳವಾದದ್ದೇನಾದರೂ ನಡೆಯುತ್ತದೆಯೇ? ಎರಡನೆಯದು, ಕಾಫಿ ಬೆಳೆಯುವ ನಾಡಿನಲ್ಲಿದ್ದೂ ಒಳ್ಳೆಯ ಬೀಜವನ್ನು 2-3 ಕಿಲೋದಷ್ಟು ಸಣ್ಣ ಪ್ರಮಾಣದಲ್ಲಿ ಪಡೆಯುವುದು ಹೇಗೆ, ಮಾರುವವರನ್ನು ಏನೆಂದು ಕೇಳಬೇಕು?

ಉತ್ತರ: ಸಕಲೇಶಪುರ ಕಡೆಯ ಬೆಳೆಗಾರ

ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬೀಜ ಕೆಟ್ಟದ್ದಾಗಿದ್ದರೆ ಯಾವ ಯಂತ್ರವೂ ಅದನ್ನು ಒಳ್ಳೆಯದಾಗಿಸುವುದಿಲ್ಲ.

ಕೇಳುವ ಮಾತೇ ಸರಿಯಾಗಿರಬೇಕು. ತೋಟದವರನ್ನು ‘ಹಸಿ ಬೀಜ ಇದೆಯೇ’ ಎಂದು ಕೇಳಿದರೆ ಅವರು ಒಣಗದ ಹಣ್ಣೆಂದು ತಿಳಿದಾರು. ‘ಪಾರ್ಚ್‌ಮೆಂಟ್ ಇದೆಯೇ’ ಎಂದರೆ ಹಣ್ಣಿನ ಸಿಪ್ಪೆ ತೆಗೆದು, ಲೋಳೆ ತೊಳೆದು, ಕಣದಲ್ಲಿ ಒಣಗಿಸಿದ, ಆದರೆ ಒಳಗಿನ ಗಟ್ಟಿ ಹೊಟ್ಟು ಇನ್ನೂ ಉಳಿದಿರುವ ಬೀಜವನ್ನು ಕೊಡುತ್ತಾರೆ. ಆ ಹೊಟ್ಟನ್ನು ಮನೆಯಲ್ಲಿ ತೆಗೆಯುವುದು ಕಷ್ಟ. ನನ್ನ ಸಂಬಂಧಿಕರೊಬ್ಬರು ಮಿಕ್ಸಿಯಲ್ಲಿ ಪ್ರಯತ್ನಿಸಿ ಅರ್ಧ ಬೀಜವನ್ನು ನುಚ್ಚು ಮಾಡಿಕೊಂಡರು. ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ‘ಚೆರಿ’. ಇವೆರಡನ್ನೂ ಹಲ್ ಮಾಡಿದ, ಎಂದರೆ ಯಂತ್ರದಲ್ಲಿ ಹೊಟ್ಟು ಬಿಡಿಸಿದ ಮೇಲೆ ದೊರೆಯುವುದನ್ನು ‘ಕ್ಲೀನ್ ಕಾಫಿ’ ಎನ್ನುತ್ತಾರೆ, ನಿಮಗೆ ಬೇಕಾಗಿರುವುದು ಅದು. ತೊಳೆದ ಅರೇಬಿಕಾವನ್ನು ಹಲ್ ಮಾಡಿ ಜರಡಿ ಹಿಡಿದಾಗ 6.65 ಮಿ.ಮೀ. ಕಣ್ಣಿನ ಜರಡಿಯ ಮೇಲೆ ನಿಂತದ್ದು ಪ್ಲಾಂಟೇಶನ್ ಎ. ಒಂದು ಹಣ್ಣಿನಲ್ಲಿ ಎರಡರ ಬದಲು ಒಂದೇ ಗುಂಡು ಬೀಜವಿದ್ದರೆ ಅದು ಪೀಬೆರಿ. ಆದರೆ ತೊಳೆದ ರೋಬಸ್ಟಾವನ್ನು ಹಲ್ ಮಾಡಿದ ಮೇಲೂ ರೋಬಸ್ಟಾ ಪಾರ್ಚ್‌ಮೆಂಟ್ ಎಂದೇ ಮಾರುತ್ತಾರೆ. ಈ ಹೆಸರಿನ ಗೊಂದಲದಿಂದ ಹೊಸಬರು ಹಲವರು ಮೋಸಹೋಗಿದ್ದಾರೆ.

‘ಎ’ ಎಂಬುದು ಗಾತ್ರದ ಗುರುತು. ಬೀಜ ಯಾವ ವರ್ಷದ್ದು, ಹೇಗೆ ಒಣಗಿತು, ಎಲ್ಲಿ ಶೇಖರವಾಗಿತ್ತು ಎಂಬುದನ್ನು ಅದು ಹೇಳುವುದಿಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಭೌಗೋಳಿಕ ಗುರುತು ದೊರೆತಿದೆ. ಅದೂ ಊರಿನ ಖಾತರಿಯೇ ಹೊರತು ತಾಜಾತನದ ಖಾತರಿಯಲ್ಲ. ನಿಮಗೆ ಬಂದದ್ದು ಬಹುಶಃ ಹಿಂದಿನ ಕೊಯ್ಲಿನ, ಒಂದು ಮಳೆಗಾಲವನ್ನು ಗೋಣಿಚೀಲದಲ್ಲಿ ಕಳೆದ ಬೀಜ. ನಾನೂ ಒಮ್ಮೆ ಆಗಸ್ಟ್ ತಿಂಗಳಲ್ಲಿ ಕರಾವಳಿಯ ನೆಂಟರಿಗೆ 5 ಕಿಲೋ ಬೀಜವನ್ನು ಬರಿಯ ಬಟ್ಟೆಚೀಲದಲ್ಲಿ ಕಳುಹಿಸಿದ್ದೆ. ಅವರು ಅದನ್ನು ಅಡುಗೆಮನೆಯ ಮೂಲೆಯಲ್ಲಿ ಒಂದೂವರೆ ತಿಂಗಳು ಇಟ್ಟದ್ದರಿಂದ ಬೀಜ ಬಿಳಿಚಿಕೊಂಡು ಉಬ್ಬಿ, ಬೂಷ್ಟು ಹಿಡಿದು ಹಾಳಾಯಿತು. ಮಳೆಗಾಲದ ಇದೇ ತೇವದ ಗಾಳಿಗೆ ಬೀಜವನ್ನು ಬೇಕೆಂದೇ ಒಡ್ಡಿ, ಗೋದಾಮಿನ ನೆಲದ ಮೇಲೆ ಹರಡಿ, ಕಾಲಕಾಲಕ್ಕೆ ಕೈಯಾಡಿಸಿ, ಹುಳಿ ತಗ್ಗಿದ ಹೊನ್ನಿನ ಬಣ್ಣದ ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿಯನ್ನು ತಯಾರಿಸುತ್ತಾರೆ. ಅದು ತಿಳಿದವರ ಕೈಕೆಲಸ, ನಮ್ಮದು ಅಜಾಗರೂಕತೆ.

ಆದ್ದರಿಂದ ಮಾರುವವರನ್ನು ಮೊದಲು ಕೊಯ್ಲಿನ ವರ್ಷ ಕೇಳಿ. ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಅದರ ಹಿಂದೆಯೇ ಮಾರ್ಚಿವರೆಗೆ ನಡೆಯುತ್ತದೆ. ಹೀಗಾಗಿ ಏಪ್ರಿಲ್-ಮೇ ತಿಂಗಳಲ್ಲಿ ಹೊಸ ಬೀಜವನ್ನು ವರ್ಷದ ಅರ್ಧಕ್ಕೆ ಬೇಕಾಗುವಷ್ಟು ಕೊಂಡು, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸ್ಟೀಲ್ ಡಬ್ಬಿಯೊಳಗೆ ಇಟ್ಟರೆ ಮಳೆಗಾಲ ದಾಟುತ್ತದೆ. ತೇವಾಂಶ ಶೇ. 10ರಿಂದ 11ರ ಆಸುಪಾಸಿನಲ್ಲಿರಬೇಕು. ಅಳೆದಿದ್ದೀರಾ ಎಂದು ಕೇಳಲು ಸಂಕೋಚ ಬೇಡ, ತೋಟದವರಿಗೆ ಈ ಲೆಕ್ಕ ಬಾಯಿಪಾಠವಾಗಿರುತ್ತದೆ. ಬಳಿಕ 200 ಗ್ರಾಂ ಮಾದರಿಯನ್ನು ತಟ್ಟೆಯಲ್ಲಿ ಹರಡಿ ಕರಿಬೀಜ, ಒಡಕು ಮತ್ತು ಕಾಯಿಕೊರಕ ಹುಳು ಕೊರೆದ ಸೂಜಿಮೊನೆಯಷ್ಟು ತೂತುಗಳನ್ನು ಎಣಿಸಿ. ಒಂದು ಹಿಡಿಯಷ್ಟು ಸಿಕ್ಕರೆ ಅದು ಆಯ್ದ ಸರಕಲ್ಲ.

ಎಲ್ಲಿ ಸಿಗುತ್ತದೆ ಎಂಬುದು ನಿಜವಾಗಿಯೂ ತೊಡಕಿನ ವಿಷಯ. ಚಿಕ್ಕಮಗಳೂರು, ಹಾಸನ, ಕುಶಾಲನಗರ ಕಡೆಯ, ಬೀಜವನ್ನು ಹಲ್ ಮಾಡಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳ ವ್ಯವಹಾರ ಟನ್ನುಗಳಲ್ಲಿರುವುದರಿಂದ ಅವರು ನಿಮಗಾಗಿ 2 ಕಿಲೋ ತೂಗುವುದಿಲ್ಲ. ನಾವು ಬೆಳೆಗಾರರು ಮಾರುವುದೂ 50 ಕಿಲೋ ಚೀಲದ ಲೆಕ್ಕದಲ್ಲಿ, ಅದೂ ಹಲ್ ಮಾಡದೆ. ಒಂದು ಚೀಲ ಅರೇಬಿಕಾ ಪಾರ್ಚ್‌ಮೆಂಟಿನಿಂದ ಸುಮಾರು 40 ಕಿಲೋ ಬೀಜ ದೊರೆತರೆ, ರೋಬಸ್ಟಾ ಚೆರಿಯಿಂದ 26-28 ಕಿಲೋ ಮಾತ್ರ ದೊರೆಯುತ್ತದೆ. ಆದ್ದರಿಂದ ಪತ್ರಿಕೆಯಲ್ಲಿ ಬರುವ ಚೀಲದ ದರವನ್ನು 50ರಿಂದ ಭಾಗಿಸಿ ಚೌಕಾಸಿಗೆ ಇಳಿಯಬೇಡಿ. ಸ್ವಂತವಾಗಿ ಹಲ್ ಮಾಡಿಸಿ ಆಯ್ದು ಚಿಲ್ಲರೆಯಾಗಿ ಮಾರುವ ಸಣ್ಣ ತೋಟಗಳು ಈಗ ಹೆಚ್ಚುತ್ತಿವೆ, ಅಂಥವರೊಬ್ಬರನ್ನು ಹುಡುಕಿ ಪ್ರತಿವರ್ಷ ಅವರಿಂದಲೇ ಕೊಳ್ಳುವುದು ಮೇಲು.

ಇನ್ನೊಂದು ಮಾತು. 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತವಾಗುವವರೆಗೆ ಬೆಳೆಯನ್ನು, ಎಲ್ಲರದನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ಮನೆಗೆ ಉಳಿಸಿಕೊಳ್ಳುತ್ತಿದ್ದುದು ಸ್ವಲ್ಪವೇ, ಅದೂ ನಮ್ಮಲ್ಲಿ ಹೆಚ್ಚಾಗಿ ಕರಿಬೀಜ ಮತ್ತು ಒಡಕು. ಒಳ್ಳೆಯದನ್ನು ಮಾರಿ ಉಳಿದದ್ದನ್ನು ಕುಡಿಯುವ ಆ ರೂಢಿ ಮಲೆನಾಡಿನ ಅನೇಕ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಆದ್ದರಿಂದ ‘ತೋಟದ ಮನೆಯಿಂದ ತಂದದ್ದು’ ಎಂದ ಮಾತ್ರಕ್ಕೆ ಮರುಳಾಗಬೇಡಿ.

ಉತ್ತರ: ಶಿವಮೊಗ್ಗದ ವಿದ್ಯುತ್ ಇಂಜಿನಿಯರ್

ನಿಮ್ಮ ಬಾಣಲೆಯದು ತಪ್ಪಿಲ್ಲ, ಅದರಲ್ಲಿ ಹಾಕಿದ ಅರ್ಧ ಕಿಲೋ ತಪ್ಪು. ಬಾಣಲೆಯಲ್ಲಿ ಶಾಖ ಲೋಹವನ್ನು ಮುಟ್ಟಿದ ಬೀಜಕ್ಕೆ ಮಾತ್ರ ಹತ್ತುತ್ತದೆ, ಮೇಲಿನ ಪದರಕ್ಕೆ ತಲುಪುವುದೇ ಇಲ್ಲ. ಅದೇ ಬಾಣಲೆಯಲ್ಲಿ 150 ಗ್ರಾಂ ಹಾಕಿ, ತಳ ಕಾಣುವಂತೆ, ಎಡೆಬಿಡದೆ ಕೈಯಾಡಿಸಿದರೆ ಕುಡಿಯಬಹುದಾದ ಕಾಫಿ ಬರುತ್ತದೆ. ಕೈ ಸೋಲುತ್ತದೆ ಅಷ್ಟೆ.

ಆರು ವರ್ಷಗಳಿಂದ ನಾನು ಬಳಸಿದ ಸಾಧನಗಳಲ್ಲಿ ಅತಿ ಅಗ್ಗದ್ದು ಬಿಸಿಗಾಳಿಯ ಪಾಪ್‌ಕಾರ್ನ್ ಯಂತ್ರ. ಅದರಲ್ಲಿ ಒಂದು ಸಲಕ್ಕೆ 80 ಗ್ರಾಂ ಹುರಿಯಬಹುದು. ಕೊಳ್ಳುವಾಗ ಒಳಗೆ ಇಣುಕಿ ನೋಡಿ, ಗಾಳಿ ಬರುವ ಸೀಳುಗಳು ಪಕ್ಕದ ಗೋಡೆಯಲ್ಲಿರಬೇಕು. ತಳದಲ್ಲಿ ಜಾಲರಿ ಇರುವ ಮಾದರಿಯಲ್ಲಿ ಬೀಜಕ್ಕೆ ಅಂಟಿದ ತೆಳುವಾದ ಬೆಳ್ಳಿಪೊರೆ ಕಳಚಿ ಕೆಳಗಿಳಿದು ಕಾಯ್ದ ತಂತಿಗೆ ತಗುಲಿ ಹೊತ್ತಿಕೊಳ್ಳುವ ಅಪಾಯವಿದೆ. ನಮ್ಮ ಊರುಗಳಿಗೆ ವಿಶೇಷವಾದ ಇನ್ನೊಂದು ತೊಂದರೆ ವೋಲ್ಟೇಜಿನದು. ಶಾಖದ ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 230 ವೋಲ್ಟ್ ಇಳಿದು 200 ಆದರೆ 1,200 ವ್ಯಾಟಿನ ಯಂತ್ರ ಸುಮಾರು 900 ವ್ಯಾಟಿನದಾಗುತ್ತದೆ. ನಿನ್ನೆ 6 ನಿಮಿಷಕ್ಕೆ ಆದ ಹುರಿ ಇಂದು 10 ನಿಮಿಷವಾದರೂ ಆಗದಿರುವುದಕ್ಕೆ ಬೀಜವನ್ನು ಬೈದು ಪ್ರಯೋಜನವಿಲ್ಲ. ಸಂಜೆ ಎಲ್ಲರ ಮನೆಯ ದೀಪ ಹೊತ್ತುವ ಹೊತ್ತಿನಲ್ಲಿ ಹುರಿಯಬೇಡಿ.

ಹೊರದೇಶದ ಯಂತ್ರಗಳನ್ನು ನಾನು ತೆಗಳುವುದಿಲ್ಲ. ಬೆಹ್ಮೋರ್ ಸುಮಾರು 450 ಗ್ರಾಂವರೆಗೆ ಹುರಿಯುತ್ತದೆ ಮತ್ತು ಹೊಗೆಯನ್ನು ತಗ್ಗಿಸುವ ವ್ಯವಸ್ಥೆಯನ್ನೂ ಹೊಂದಿದೆ. ಜೀನ್ ಕೆಫೆಯ ಗಾಜಿನ ಕೊಳವೆಯಲ್ಲಿ 250 ಗ್ರಾಂ ಬೀಜ ಬಣ್ಣ ತಿರುಗುವುದನ್ನು ಕಣ್ಣಾರೆ ನೋಡಬಹುದು. ಐಲಿಯೋ ಬುಲೆಟ್ ಇಂಡಕ್ಷನ್ನಿನಿಂದ 1 ಕಿಲೋವರೆಗೆ ಹುರಿಯುತ್ತದೆ, ಅದು ಮನೆಗಿಂತ ಸಣ್ಣ ವ್ಯಾಪಾರಕ್ಕೆ ಒಪ್ಪುವಂಥದ್ದು. ಆದರೆ ಅಮೆರಿಕದಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ 120 ವೋಲ್ಟಿನ ಯಂತ್ರವನ್ನು ತರಿಸಬೇಡಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ನಮ್ಮ 50 ಹರ್ಟ್ಸನ್ನು ಅಲ್ಲಿನ 60 ಹರ್ಟ್ಸ್ ಮಾಡುವುದಿಲ್ಲ. ಆವರ್ತನವನ್ನು ಅವಲಂಬಿಸಿದ ಮೋಟಾರು ನಿಧಾನವಾಗಿ ತಿರುಗುತ್ತದೆ, ಗಡಿಯಾರವೂ ತಪ್ಪಬಹುದು.

ನಿಮ್ಮ ಅಳತೆಗೆ ನನ್ನ ಆಯ್ಕೆ ಗ್ಯಾಸ್ ಒಲೆಯ ಮೇಲೆ ಕೂರುವ, ಹಿಡಿಯಿಂದ ತಿರುಗಿಸುವ ಸ್ಟೀಲಿನ ಉರುಳೆ. ಹಿಂದೆ ಮಲೆನಾಡಿನ ಮನೆಗಳಲ್ಲಿ ಸೌದೆ ಒಲೆಯ ಕೆಂಡದ ಮೇಲೆ ತಿರುಗಿಸುತ್ತಿದ್ದ ತಗಡಿನ ಉರುಳೆಯ ತತ್ತ್ವವೇ ಇದರದ್ದು. ವೆಲ್ಡಿಂಗ್ ಅಂಗಡಿಯವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಒಳಗೆ ಬೀಜವನ್ನು ಎತ್ತಿ ಹಾಕುವ ಎರಡು ಪಟ್ಟಿಗಳನ್ನೂ ಬೀಜದ ನಡುವೆ ಮೊನೆ ನಿಲ್ಲುವಂತೆ ಒಂದು ಥರ್ಮಾಮೀಟರನ್ನೂ ಇರಿಸಲು ಹೇಳಿ. 200 ಗ್ರಾಂ ಬೀಜಕ್ಕೆ 9-10ನೆಯ ನಿಮಿಷದಲ್ಲಿ, ಸುಮಾರು 196ರಿಂದ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲ ಸಿಡಿತ ಕೇಳಿಬರಬೇಕು. ಒಣಕಡ್ಡಿ ಮುರಿದಂತಿರುವ ಆ ಸದ್ದು ನಿಂತ ಮೇಲೆ ಸ್ವಲ್ಪ ಮೌನ, ಆಮೇಲೆ ಸುಮಾರು 224 ಡಿಗ್ರಿಯಲ್ಲಿ ಸಣ್ಣಗೆ ಚಿಟಿಚಿಟಿ ಎನ್ನುವ ಎರಡನೆಯ ಸಿಡಿತ. ಹೊಗೆ ದಟ್ಟವಾಗುವುದೂ ಎಣ್ಣೆ ಹೊರಬರುವುದೂ ಅಲ್ಲಿಂದ ಮುಂದೆ. ಡಿಕಾಕ್ಷನ್ನಿಗೆ ಎರಡನೆಯ ಸಿಡಿತದ ಹೊಸ್ತಿಲಲ್ಲಿ ಇಳಿಸಿದರೆ ಸಾಕು, ಎದುರುಮನೆಯವರೂ ನೆಮ್ಮದಿಯಿಂದಿರುತ್ತಾರೆ.

ಇಳಿಸಿದ ಮೇಲೆ ಬೀಜ ತನ್ನ ಶಾಖದಲ್ಲೇ ಹುರಿಯುತ್ತ ಹೋಗುವುದರಿಂದ, ಎರಡು ಸ್ಟೀಲ್ ಜರಡಿಗಳ ನಡುವೆ ಮಗುಚುತ್ತ ಟೇಬಲ್ ಫ್ಯಾನಿನ ಎದುರು 4 ನಿಮಿಷದೊಳಗೆ ಕೈ ಮುಟ್ಟುವಷ್ಟು ತಣಿಸಬೇಕು. ಈ ಕೆಲಸ ಬಾಲ್ಕನಿಯಲ್ಲಾಗಲಿ, ಬೆಳ್ಳಿಪೊರೆ ಮನೆತುಂಬ ಹಾರುತ್ತದೆ. ಉರುಳೆಯಲ್ಲಿ ಬೆಂಕಿ ಕಂಡರೆ ಗ್ಯಾಸ್ ಆರಿಸಿ, ಮುಚ್ಚಳವನ್ನು ತೆರೆಯದೆ ಗಾಳಿಯಿಲ್ಲದಂತೆ ಬಿಡಿ.

ಉತ್ತರ: ಬೆಂಗಳೂರು, ಬಸವನಗುಡಿ

ಇಂಜಿನಿಯರ್ ಅವರ ಬರಹವನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಪಾಪ್‌ಕಾರ್ನ್ ಯಂತ್ರದ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಐದಾರು ನಿಮಿಷದಲ್ಲಿ ಮುಗಿಯುವ ಆ ಅವಸರದ ಹುರಿಯಲ್ಲಿ ಹುಳಿ ಎದ್ದು ಕಾಣುತ್ತದೆ. ಹಾಲಿಲ್ಲದ ಕಾಫಿ ಕುಡಿಯುವವರಿಗೆ ಅದು ಹಿತವೆನಿಸಬಹುದು, ಹಾಲು ಬೆರೆತ ನಮ್ಮ ಲೋಟಕ್ಕೆ ಒಗ್ಗುವುದಿಲ್ಲ.

ಬೀಜಕ್ಕಾಗಿ ತೋಟವನ್ನೇ ಹುಡುಕಬೇಕಾಗಿಲ್ಲ. ಕಣ್ಣೆದುರೇ ಹುರಿದು ಪುಡಿ ಮಾಡಿಕೊಡುವ ಹಳೆಯ ಅಂಗಡಿಗಳು ಮೈಸೂರಿನಲ್ಲೂ ಇವೆ. ಜನಸಂದಣಿಯಿಲ್ಲದ ಹೊತ್ತಿನಲ್ಲಿ ಹೋಗಿ, ಹುರಿಯುವ ಮೊದಲಿನ ಪೀಬೆರಿ ಎರಡು ಕಿಲೋ ಕೊಡುವಿರಾ ಎಂದು ಮಾಲೀಕರನ್ನೇ ಕೇಳಿ. ನನಗೆ ಮೊದಲ ಸಲ ಅನುಮಾನದಿಂದ ನೋಡಿದವರು ಈಗ ಹೊಸ ಚೀಲ ಬಿಚ್ಚಿದ ದಿನ ತಾವೇ ಫೋನ್ ಮಾಡುತ್ತಾರೆ. ಹೊಸಬರಿಗೆ ಪೀಬೆರಿಯನ್ನೇ ಹೇಳುವುದಕ್ಕೆ ಕಾರಣವಿದೆ: ಗುಂಡಾಗಿರುವುದರಿಂದ ಉರುಳೆಯಲ್ಲಾಗಲಿ ಬಾಣಲೆಯಲ್ಲಾಗಲಿ ಅದು ತಾನಾಗಿ ಹೊರಳಿ ಎಲ್ಲ ಕಡೆ ಸಮನಾಗಿ ಹುರಿಯುತ್ತದೆ.

ಮಂದವಾದ ಡಿಕಾಕ್ಷನ್ ಬೇಕಿದ್ದರೆ ನಾಲ್ಕರಲ್ಲಿ ಒಂದು ಪಾಲು ರೋಬಸ್ಟಾ ಸೇರಿಸಿ, ಆದರೆ ಎರಡನ್ನೂ ಬೇರೆಬೇರೆಯಾಗಿ ಹುರಿದು ಆಮೇಲೆ ಬೆರೆಸಿ, ಏಕೆಂದರೆ ಅವು ಒಂದೇ ವೇಗದಲ್ಲಿ ಹದಕ್ಕೆ ಬರುವುದಿಲ್ಲ. ಹುರಿದ ದಿನವೇ ಪುಡಿ ಮಾಡಬೇಡಿ. ಬೀಜದೊಳಗಿನ ಅನಿಲ ಹೊರಹೋಗುವ ಮುನ್ನ ಫಿಲ್ಟರಿಗೆ ಹಾಕಿದರೆ ಪುಡಿ ಉಬ್ಬಿ ಮೇಲೇಳುತ್ತದೆ, ನೀರು ಸಮನಾಗಿ ಇಳಿಯುವುದಿಲ್ಲ. ಎರಡು ದಿನ ಮುಚ್ಚಳ ಸಡಿಲಿಸಿ ಇಟ್ಟು, ಮೂರನೆಯ ದಿನ ಬೇಕಾದಷ್ಟನ್ನೇ ಪುಡಿ ಮಾಡಿ. ಚಿಕೋರಿ ನಿಮ್ಮಿಷ್ಟ. ಮಾರುವ ಪುಡಿಯಲ್ಲಿ ಕಾನೂನು ಅದಕ್ಕೆ ಶೇ. 49ರವರೆಗೆ ಅವಕಾಶ ಕೊಟ್ಟಿದೆ ಎಂಬುದನ್ನು ಪೊಟ್ಟಣದ ಸಣ್ಣ ಅಕ್ಷರಗಳನ್ನು ಓದದವರು ಗಮನಿಸುವುದಿಲ್ಲ. ಹುರಿಯುವ ವಿಷಯದಲ್ಲಿ ಶಿಸ್ತಾಗಿ ಕಲಿಯಬೇಕೆನಿಸಿದರೆ ಕಾಫಿ ಮಂಡಳಿ ಬೆಂಗಳೂರಿನಲ್ಲಿ ನಡೆಸುವ ‘ಕಾಪಿ ಶಾಸ್ತ್ರ’ ತರಬೇತಿಯನ್ನು ವಿಚಾರಿಸಿ.

ಮೈಸೂರಿನ ಫಿಲ್ಟರ್‌ಪ್ರಿಯ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಸದ್ಯಕ್ಕೆ ಹೊರದೇಶದ ಯಂತ್ರದ ಯೋಚನೆಯನ್ನು ಬಿಟ್ಟು ವೆಲ್ಡಿಂಗ್ ಅಂಗಡಿಯಲ್ಲಿ ಉರುಳೆ ಮಾಡಿಸಿದೆ, ಪೀಬೆರಿ ನಮ್ಮ ಪೇಟೆಯ ಅಂಗಡಿಯಲ್ಲೇ ದೊರೆಯಿತು. ಮೊದಲ ಎರಡು ಸರತಿ ಕೆಟ್ಟವು. ಉರಿಯನ್ನು ಆರಂಭದಿಂದಲೇ ದೊಡ್ಡದಾಗಿ ಇಟ್ಟು ತುದಿಗಳನ್ನು ಸುಟ್ಟಿದ್ದೆ. ಮೂರನೆಯದರಲ್ಲಿ 200 ಗ್ರಾಂ ಹಾಕಿದ್ದು 169 ಗ್ರಾಂ ಆಗಿ ಇಳಿಯಿತು, ಮೊದಲ ಸಿಡಿತ 10ನೆಯ ನಿಮಿಷಕ್ಕೆ ಬಂತು, ಬಣ್ಣ ಎಲ್ಲ ಬೀಜಗಳಿಗೂ ಒಂದೇ ಇತ್ತು. ಮೂರನೆಯ ದಿನದ ಡಿಕಾಕ್ಷನ್ ಕುಡಿದು ಅಮ್ಮ ಪರಿಮಳವನ್ನು ಮೆಚ್ಚಿದರು, ಬಣ್ಣ ಸಾಲದೆಂದರು. ನಾಳೆಯಿಂದ ಒಂದು ಚಮಚ ಚಿಕೋರಿ ಸೇರಲಿದೆ. ರೋಬಸ್ಟಾವನ್ನು ಬೇರೆಯಾಗಿ ಹುರಿಯುವುದು ಮುಂದಿನ ಭಾನುವಾರದ ಕೆಲಸ. ಅದಕ್ಕೆ ಉರಿ ಎಷ್ಟಿರಬೇಕೆಂದು ಇಂಜಿನಿಯರ್ ಅವರು ತಿಳಿಸಿದರೆ ಉಪಕಾರವಾಗುತ್ತದೆ.

ಶಿವಮೊಗ್ಗದ ವಿದ್ಯುತ್ ಇಂಜಿನಿಯರ್

ಪೀಬೆರಿಗೆ ಇಟ್ಟ ಉರಿಯಲ್ಲೇ ಆರಂಭಿಸಿ, ಹಳದಿಗೆ ತಿರುಗಿದ ಮೇಲೆ ಸ್ವಲ್ಪ ತಗ್ಗಿಸಿ, ಒಟ್ಟು ಸಮಯ ಎರಡು ನಿಮಿಷ ಹೆಚ್ಚಾದರೂ ಅವಸರಪಡಬೇಡಿ. ಪಾಪ್‌ಕಾರ್ನ್ ಯಂತ್ರದ ಹುಳಿಯ ವಿಷಯದಲ್ಲಿ ಬಸವನಗುಡಿಯವರ ಮಾತು ಸರಿ. ನಾನು ಅದನ್ನು ಈಗ ಹೊಸ ಬೀಜದ ಮಾದರಿ ನೋಡಲು ಮಾತ್ರ ಬಳಸುತ್ತೇನೆ.