ಪದಚರ್ಚೆ: ಗಣಿತದ ‘ವಿಕಲ್ಪ’ಕ್ಕೆ ಬೇರೆ ಪದ ಸಿಗುತ್ತಾ?

ಎಲ್ರಿಗೂ ನಮಸ್ಕಾರ, ತೀರ್ಥಹಳ್ಳಿ ಕಡೆಯಿಂದ ಬರೀತಿದೀನಿ. ಮಗಳು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯುಸಿ, ಪರ್ಮ್ಯುಟೇಶನ್ ಕಾಂಬಿನೇಷನ್ ಪಾಠ ತಲೆಗೆ ಹೋಗ್ತಿಲ್ಲ ಅಂತ ಕೂತಿದ್ಲು. ನಾವು ಓದೋವಾಗ ಪರ್ಮ್ಯುಟೇಶನ್‌ಗೆ (ಮೊದಲು ಯಾವ್ದು ಆಮೇಲೆ ಯಾವ್ದು ಅನ್ನೋದೂ ಲೆಕ್ಕಕ್ಕೆ ಬರೋ ಜೋಡಣೆ) ಕ್ರಮಯೋಜನೆ, ಕಾಂಬಿನೇಷನ್‌ಗೆ (ಕ್ರಮ ನೋಡದೆ ಯಾವ್ಯಾವ್ದು ಅಂತ ಮಾತ್ರ ನೋಡೋದು) ವಿಕಲ್ಪ ಅಂತಿದ್ರು, ಅದನ್ನೇ ಹೇಳ್ದೆ. ಕ್ರಮಯೋಜನೆ ಕೂಡ್ಲೇ ಹತ್ತಿತು, ಹೆಸರಲ್ಲೇ ಕ್ರಮ ಇದೆ. ವಿಕಲ್ಪ ಅಂದಿದ್ದಕ್ಕೆ ಅಲ್ಲೇ ಅಕ್ಕಿ ಆರಿಸ್ತಿದ್ದ ಅಮ್ಮ ‘ವಿಕಲ್ಪ ಅಂದ್ರೆ ಮನಸ್ಸು ಹೊಯ್ದಾಡೋದಲ್ವನೋ’ ಅಂದ್ರು. ವ್ಯಾಕರಣದಲ್ಲೂ ‘ವಿಕಲ್ಪವಾಗಿ ಬರುತ್ತದೆ’ ಅಂದ್ರೆ ಹೀಗೂ ಆಗಬಹುದು ಹಾಗೂ ಆಗಬಹುದು ಅಂತ.

ಕೊನೆಗೆ ಕಾಲೇಜಿನ ಮಾತೇ ಕೈ ಹಿಡೀತು. ‘ಯಾವ ಕಾಂಬಿನೇಷನ್ ತಗೊಂಡೆ’ ಅಂತ ಊರೆಲ್ಲ ಕೇಳ್ತಾರಲ್ಲ, ಇವಳದ್ದು ಪಿಸಿಎಂಬಿ, ಆ ನಾಲ್ಕು ಅಕ್ಷರಾನ 24 ಥರ ಹಿಂದೆಮುಂದೆ ಮಾಡಿ ಬರೀಬಹುದು ಆದ್ರೆ ಓದೋದು ಅವೇ ನಾಲ್ಕು ಸಬ್ಜೆಕ್ಟ್, ಕಾಂಬಿನೇಷನ್ ಒಂದೇ. ಸೂಟ್‌ಕೇಸಿನ ನಂಬರ್ ಲಾಕಿಗೂ ಇಂಗ್ಲಿಷಲ್ಲಿ ಕಾಂಬಿನೇಷನ್ ಲಾಕ್ ಅಂತಾರೆ, ಅಲ್ಲಿ 527ರ ಬದ್ಲು 725 ಹಾಕಿದ್ರೆ ತೆರೆಯಲ್ಲ, ಲೆಕ್ಕದ ಪ್ರಕಾರ ಆ ಹೆಸರೇ ತಪ್ಪು.

ಆಮೇಲೆ ಜೋಗ, ಆಗುಂಬೆ, ಕೊಡಚಾದ್ರಿ, ಕವಲೇದುರ್ಗ, ಸಕ್ಕರೆಬೈಲು ಈ ಐದರಲ್ಲಿ ಮೂರಕ್ಕೆ ಹೋಗೋದು ಅಂತ ಇಟ್ಕೊಂಡ್ವಿ. ಮೊದಲು ಯಾವ್ದು ಆಮೇಲೆ ಯಾವ್ದು ಅಂತ ನೋಡಿದ್ರೆ 60 ಥರ. ಯಾವ ಮೂರು ಅಂತ ಮಾತ್ರ ಆದ್ರೆ ಒಂದೊಂದು ಗುಂಪೂ 6 ಸಲ ಎಣಿಕೆ ಆಗಿರುತ್ತೆ, ಭಾಗಿಸಿದ್ರೆ 10. ಆಗ ಅವಳೇ ಹೇಳಿದ್ಲು, ಅಪ್ಪಾ, ಬಿಡೋ ಎರಡನ್ನ ಎಣಿಸಿದ್ರೂ 10 ಬರುತ್ತೆ ಅಂತ!

ವಿಕಲ್ಪ ಬೇಡ ಅಂತ ನಾನು ಹೇಳ್ತಿಲ್ಲ, ಅದು ಜೈನ ಗಣಿತದಲ್ಲಿ ತುಂಬಾ ಹಳೇ ಪದ. ನಮ್ಮ ನೆಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ, ನೃಪತುಂಗನ ಕಾಲದಲ್ಲೇ, ಗಣಿತಸಾರಸಂಗ್ರಹದಲ್ಲಿ ಈ ಎಣಿಕೆಗೆ ಸಾಮಾನ್ಯ ಸೂತ್ರ ಕೊಟ್ಟಿದಾರೆ. ಆದ್ರೆ ಮನೇಲಿ ಮಕ್ಕಳಿಗೆ ಹೇಳೋಕೆ ಒಂದು ಪದ ಬೇಕು. ‘ಕೂಟ’ ಅಂದ್ಕೊಂಡಿದ್ದೆ, ಅದರಲ್ಲಿ ಸೇರಿದವರಷ್ಟೇ ಕಾಣ್ತಾರೆ, ಬಿಟ್ಟವರು ಕಾಣಲ್ಲ. ನನಗೆ ‘ಆಯ್ಕೆ’ನೇ ಸರಿ ಅನ್ಸುತ್ತೆ, ಯಾಕಂದ್ರೆ ಅಮ್ಮ ಅಕ್ಕಿ ಆರಿಸ್ತೀನಿ ಅಂತಾರೆ, ಕೈಯಲ್ಲಿ ತೆಗೆಯೋದು ಮಾತ್ರ ಕಲ್ಲನ್ನ, ಕಲ್ಲು ಆರಿಸಿದ್ರೂ ಅಕ್ಕಿ ಆರಿಸಿದ್ರೂ ಅದೇ ಕೆಲಸ. ಐದರಲ್ಲಿ ಮೂರು ತಗೊಳ್ಳೋದೂ ಎರಡು ಬಿಡೋದೂ ಹಾಗೇ.

ನಿಮ್ಮ ಕಡೆ ಮೇಷ್ಟ್ರುಗಳು ಇದಕ್ಕೆ ಬಾಯಿಮಾತಲ್ಲಿ ಏನಂತಾರೆ? ‘ಆಯ್ಕೆ’ಯನ್ನ ಪಾಠದ ಪದವಾಗಿ ಬಳಸಿದ್ರೆ ಎಲ್ಲಾದ್ರೂ ತೊಡಕಾಗುತ್ತಾ, ತಿಳಿದವರು ಹೇಳಿ.