ಸರಕು ಸರ್ಕಾರದ್ದು, ಬಾಡಿಗೆ ಬಾಕಿ ಯಾರದ್ದು?

ಪ್ರಶ್ನೆ: ನಾನು ಲಾರಿ ಮಾಲೀಕ. ದಲ್ಲಾಳಿಯ ಮೂಲಕ ಬಂದ 14 ಲೋಡ್ ಔಷಧಿ ಪೆಟ್ಟಿಗೆಗಳನ್ನು ಸರ್ಕಾರಿ ಉಗ್ರಾಣಕ್ಕೆ ಇಳಿಸಿದೆ. ದಲ್ಲಾಳಿ ಈಗ ಫೋನ್ ಎತ್ತುವುದಿಲ್ಲ. ಬಾಡಿಗೆ ಸೇರಿಸಿಯೇ ಪೂರೈಕೆದಾರನಿಗೆ ಹಣ ಕೊಟ್ಟಾಗಿದೆ ಎನ್ನುತ್ತದೆ ಇಲಾಖೆ. ಯಾರನ್ನು ಹಿಡಿಯಲಿ?

ಉತ್ತರ 1: ರವಾನೆ ಚೀಟಿಯಲ್ಲಿ ರವಾನೆದಾರ ಯಾರು? ಸಾಮಾನ್ಯವಾಗಿ ಮೊದಲ ಹೊಣೆ ಅವನದೇ. ‘ಬಾಡಿಗೆ ಪಾವತಿಯಾಗಿದೆ’ ಎಂದು ನೀವೇ ಬರೆದುಕೊಟ್ಟಿದ್ದರೆ ಸರಕು ಪಡೆದವರನ್ನು ಕೇಳುವುದು ಕಷ್ಟ.

ಪ್ರಶ್ನೆ ಕೇಳಿದವರು: ಪೂರೈಕೆದಾರನ ಹೆಸರಿದೆ. ಮೂಲೆಯಲ್ಲಿ ‘ಟು ಪೇ’ (ಬಾಡಿಗೆಯನ್ನು ಸರಕು ಪಡೆದವರು ಕೊಡಬೇಕು) ಎಂದು ಗೀಚಿದೆ, ನನ್ನ ಚಾಲಕನದೇ ಅಕ್ಷರ.

ಉತ್ತರ 2: ಅದು ಉಗ್ರಾಣದ ಕಾರ್ಬನ್ ಪ್ರತಿಯಲ್ಲೂ ಮೂಡಿದೆಯೇ? ಇಲ್ಲದಿದ್ದರೆ ಆಮೇಲೆ ಬರೆದದ್ದು ಎನ್ನುತ್ತಾರೆ. ಮೂಡಿದ್ದರೆ ಪೂರೈಕೆದಾರ, ಇಲಾಖೆ ಇಬ್ಬರಿಗೂ ನೋಟಿಸ್ ಕೊಡಿ. ಇಳಿಸುವ ಮೊದಲು ಸರಕು ತಡೆಹಿಡಿಯುವ ಹಕ್ಕಾದರೂ ಇತ್ತು. ಹದಿನಾಲ್ಕನೆಯ ಲೋಡಿನವರೆಗೆ ಸುಮ್ಮನಿದ್ದಿರೇಕೆ ಮಾರಾಯರೇ?

ಪ್ರಶ್ನೆ ಕೇಳಿದವರು: ಸರ್ಕಾರದ ಮೊಹರು ನೋಡಿ ನಂಬಿದೆ.