ತುರ್ತು: ‘ಎವಿಡೆನ್ಸ್’ ಎಂಬುದಕ್ಕೆ ಸಾಕ್ಷ್ಯವೋ ಪುರಾವೆಯೋ?

ಬಲ್ಲವರಲ್ಲಿ ವಿನಂತಿ. ಯುವಜನರ ಉದ್ಯೋಗ ಯೋಜನೆಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಯಾವ ತರಬೇತಿಯಿಂದ ಕೆಲಸ ಸಿಗುತ್ತದೆ, ಯಾವುದರಿಂದ ಇಲ್ಲ ಎಂದು ಪರೀಕ್ಷಿಸಿ ನೋಡಿಯೇ ನೀತಿ ರೂಪಿಸಬೇಕು ಎನ್ನುವುದು ಅದರ ಸಾರ. ಸದ್ಯಕ್ಕೆ ‘ಸಾಕ್ಷ್ಯಾಧಾರಿತ ನೀತಿ’ ಎಂದು ಹಾಕಿದ್ದೇನೆ. ಕೋರ್ಟಿನ ವಾಸನೆ ಹೊಡೆಯುತ್ತಿದೆ. ಬೇರೆ ಪದ?

ಮರು: ‘ಸಾಕ್ಷ್ಯ’ ಬೇಡವೇ ಬೇಡ. ಸಾಕ್ಷಿ ಎಂದರೆ ಸಾಕ್ಷಾತ್ ಕಂಡವನು, ಪಾಣಿನಿಯ ಸೂತ್ರವೇ ಇದೆ (5.2.91). ತರಬೇತಿ ಮುಗಿಸಿದ ಹುಡುಗಿಗೆ ಕೆಲಸ ಸಿಕ್ಕಿದ್ದನ್ನು ಕಣ್ಣಾರೆ ಕಂಡೆ ಎನ್ನಬಹುದು. ತರಬೇತಿ ಇಲ್ಲದಿದ್ದರೂ ಸಿಗುತ್ತಿತ್ತೇ? ಅದನ್ನು ಯಾರೂ ಕಂಡಿರುವುದಿಲ್ಲ. ಅವಳಂಥವರೇ ಆದ, ತರಬೇತಿ ಪಡೆಯದ ಗುಂಪಿನೊಡನೆ ಹೋಲಿಸಿ ಊಹಿಸಬೇಕು. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನ ಅನುಮಾನವನ್ನೂ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದನ್ನೂ, ಒಂದು ಪ್ರಮಾಣವೆಂದೇ, ಸರಿಯಾದ ಅರಿವಿನ ಸಾಧನವೆಂದೇ ಎಣಿಸುತ್ತದೆ. ‘ಪ್ರಮಾಣಾಧಾರಿತ’ ಎನ್ನಿ.

ಮರು: ಪ್ರಮಾಣ ಎಂದರೆ ಇವತ್ತಿನ ಓದುಗನಿಗೆ ಆಣೆ, ಇಲ್ಲವೇ ಅಳತೆ. ಸಂಸ್ಕೃತದಿಂದ ಹೊರಬನ್ನಿ. ‘ಒರೆಹಚ್ಚಿದ ನೀತಿ’, ಅಚ್ಚಗನ್ನಡ.

ಮರು: ಒಪ್ಪುವುದಿಲ್ಲ. ಒರೆಹಚ್ಚುವುದು ಕ್ರಿಯೆ, ಕೇಳಿದ್ದು ಅದರಿಂದ ದೊರೆತದ್ದಕ್ಕೆ ಹೆಸರು. ಅಲ್ಲದೆ ಒರೆಹಚ್ಚಿದ್ದು ಎಂದರೆ ಗೆದ್ದದ್ದು ಎಂಬ ಧ್ವನಿ ಬರುತ್ತದೆ. ಫ್ರಾನ್ಸಿನಲ್ಲಿ, ವಿದ್ಯಾವಂತ ಯುವ ನಿರುದ್ಯೋಗಿಗಳಿಗೆ ಕೆಲಸ ಹುಡುಕಲು ನೆರವು ಕೊಟ್ಟು, 235 ಪ್ರದೇಶಗಳಲ್ಲಿ ಪ್ರಯೋಗ ನಡೆಸಿದರು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ಎಂಟು ತಿಂಗಳ ಹೊತ್ತಿಗೆ ನೆರವು ಪಡೆದವರಿಗೆ ಭದ್ರ ಕೆಲಸ ಹೆಚ್ಚು ಸಿಕ್ಕಿತ್ತು, ಆದರೆ ಅದರಲ್ಲೊಂದು ಪಾಲು ನೆರವು ಸಿಗದವರ ಕೈತಪ್ಪಿದ ಕೆಲಸ. ವರ್ಷ ತುಂಬುವಷ್ಟರಲ್ಲಿ ಆ ಲಾಭವೂ ಕರಗಿತ್ತು. ನೀತಿ ಮಾಡುವವರಿಗೆ ಇಂಥ ಕಹಿ ಫಲವೇ ಹೆಚ್ಚು ಬೇಕಾದದ್ದು. ಪರ, ವಿರೋಧ ಎರಡನ್ನೂ ಹೊರುವ ಪದ ‘ಪುರಾವೆ’.

ಮರು: ಪುರಾವೆ ಮರಾಠಿಯದು. ಎರವಲಿನ ಮೇಲೆ ಎರವಲು, ಕನ್ನಡ ಉಳಿಯುವುದು ಹೇಗೆ?

ಮರು: ‘ತರಬೇತಿ’ ಅರಬ್ಬಿಯಿಂದ ಬಂದದ್ದು. ಅದನ್ನೂ ಅಟ್ಟುತ್ತೀರಾ?

ಮರು: ಅಟ್ಟಬೇಕು. ‘ಕಲಿಕೆ’ ಇದೆ.

ಮರು: ಕಲಿಕೆ ಶಾಲೆಯಲ್ಲೂ ನಡೆಯುತ್ತದೆ, ಕೆಲಸಕ್ಕೆ ಅಣಿಗೊಳಿಸುವುದು ಬೇರೆ. ಕೆಲಸವಿಲ್ಲದ ಹುಡುಗರು ಓದಬೇಕಾದ ಪುಸ್ತಕವಿದು. ಅವರ ಬಾಯಲ್ಲಿರುವ ಪದ ತೆಗೆದು, ನಿಘಂಟು ಹುಡುಕಿಸಬೇಡಿ.

ಮರು: ಎಲ್ಲರಿಗೂ ವಂದನೆ. ‘ಪುರಾವೆ ಆಧರಿಸಿದ ನೀತಿ’ ಎಂದು ಬದಲಿಸಿದೆ. ‘ಕಂಟ್ರೋಲ್ ಗ್ರೂಪ್’ (ಮೇಲೆ ಹೇಳಿದ, ಹೋಲಿಸಲೆಂದು ಇಟ್ಟ ತರಬೇತಿ ಪಡೆಯದ ಗುಂಪು) ಬಂದಲ್ಲೆಲ್ಲ ‘ನಿಯಂತ್ರಿತ ಗುಂಪು’ ಎಂದಿದೆ, ಯಾರನ್ನೋ ಕಟ್ಟಿಹಾಕಿದಂತೆ ಕೇಳುತ್ತದೆ. ‘ಹೋಲಿಕೆ ಗುಂಪು’ ನಡೆದೀತೆ? ಬೆಳಿಗ್ಗೆಯೊಳಗೆ ತಿಳಿಸಿ.